ಬ್ಲೋವರ್‌ಗೂ ಅಮಾವಾಸ್ಯೆ

2025ರ ಫೆಬ್ರವರಿ 27, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಅಲ್ಲಿನ ನೇಕಾರರು ಮಗ್ಗ ಮುಟ್ಟುವುದಿಲ್ಲ.

ನಾನು ಚೌಡೇಶ್‌ಗೆ "ಬೇಡ" ಎಂದು ಹೇಳಲು ಬಂದಿದ್ದೆ.

ಹಿಂದಿನ ವಾರ ಅವರ ಬೋರ್‌ವೆಲ್ ನೀರಿನ ಸ್ಯಾಂಪಲ್ ತೆಗೆಯುತ್ತಿದ್ದಾಗ ಕೇಳಿದ್ದರು: "ಮೇಡಂ, ಈ ನೀರು ಸರಿಹೋದ್ಮೇಲೂ ನೀವು ಬರ್ತಾ ಇರಬಹುದಲ್ವಾ?"

"ಆಮೇಲೆ ನಂಗೇನು ಕೆಲಸ ಇಲ್ಲಿ?"

"ಕೆಲಸ ಏನಿಲ್ಲ. ಮದುವೆ ಆಗಿ, ಸುಮ್ನೆ ಇರಬಹುದು."

ನಾನು ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. ನಗು ಬರಲಿಲ್ಲ, ಕೋಪವೂ ಬರಲಿಲ್ಲ. ನನ್ನ ಗಂಡ ಶ್ರೀಧರ್ ತೀರಿಹೋದ ಮೇಲೆ ನಾನು ಹೀಗೆಯೇ ಇದ್ದೆ. ಹಲ್ಲು ಕೀಳುವ ಮುನ್ನ ಇಂಜೆಕ್ಷನ್ ಕೊಟ್ಟಾಗ ನಮ್ಮ ಕೆನ್ನೆ ನಮಗೇ ಬೇರೆಯವರದು ಅನ್ನಿಸುತ್ತದಲ್ಲ, ಹಾಗೆ. ಇಂಥವಳನ್ನು ಕಟ್ಟಿಕೊಂಡು ಒಬ್ಬ ಒಳ್ಳೆಯ ಮನುಷ್ಯ ಏಕೆ ಕೊರಗಬೇಕು?

ಅವರ ಮನೆಯ ಹಿಂದಿನ ಪೆಟ್ರೋಲ್ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕು ಸೋರಿ, ಪೆಟ್ರೋಲು ಅಂತರ್ಜಲಕ್ಕೆ ಇಳಿದಿತ್ತು. ಅದನ್ನು ತೆಗೆಯುವುದು ನನ್ನ ಕೆಲಸ. ಬಂಕಿನ ಕಡೆಯ ಕಂಪ್ರೆಸರ್ ನೀರಿನೊಳಕ್ಕೆ ಗಾಳಿ ನುಗ್ಗಿಸುತ್ತದೆ. ಗಾಳಿಗುಳ್ಳೆಗಳು ಪೆಟ್ರೋಲನ್ನು ಆವಿಯಾಗಿ ಮೇಲಕ್ಕೆ ಹೊತ್ತು ತರುತ್ತವೆ. ಚೌಡೇಶ್ ಮನೆಯ ಹಿತ್ತಲಿನ ಬ್ಲೋವರ್ ಆ ಆವಿಯನ್ನು ಮಣ್ಣಿನಿಂದ ಹೀರಿ ಇದ್ದಿಲಿನ ಡ್ರಮ್ಮಿಗೆ ಕಳಿಸುತ್ತದೆ. ಎರಡೂ ಜೊತೆಯಾಗಿಯೇ ಓಡಬೇಕು; ಬ್ಲೋವರ್ ನಿಂತರೆ ಆವಿ ನೆಲದಿಂದ ಮನೆಯೊಳಕ್ಕೇ ಏರುತ್ತದೆ.

ಜಗಲಿಯ ಮೇಲೆ ಕೂತಿದ್ದ ಚೌಡೇಶ್ ನನ್ನನ್ನು ಕಂಡು ಕೂದಲು ಸರಿಮಾಡಿಕೊಂಡರು. ಅದು ನನಗೆ ಕಾಣಿಸಿತೆಂದು ತಿಳಿದು, ಮತ್ತೆ ಕೆದರಿಕೊಂಡರು.

"ಏನ್ ಮೇಡಂ, ಅಮಾವಾಸ್ಯೆ ದಿನಾನೂ ಬಂದ್ಬಿಟ್ರಿ? ಮಿಷಿನ್ ನೋಡಕ್ಕೋ, ನನ್ನ ನೋಡಕ್ಕೋ?"

ಉತ್ತರ ಕೊಡುವ ಮೊದಲೇ ನನಗೆ ಕೇಳಿಸಿತು. ಗೋಡೆಯಾಚೆ ಕಂಪ್ರೆಸರ್ ಮಾತ್ರ ಓಡುತ್ತಿತ್ತು. ಒಂದು ನಿಂತರೆ ಇನ್ನೊಂದು ತಾನಾಗಿ ನಿಲ್ಲುವ ಏರ್ಪಾಡು ಕೈಕೊಟ್ಟಿತ್ತು.

"ಬ್ಲೋವರ್ ಯಾರು ಆಫ್ ಮಾಡಿದ್ದು?"

"ಅಮ್ಮ. ಬೆಳಿಗ್ಗೆ ಮಗ್ಗಕ್ಕೆ ಪೂಜೆ ಮಾಡುವಾಗ ಅದಕ್ಕೂ ಕುಂಕುಮ ಇಟ್ಟು ನಿಲ್ಲಿಸಿದ್ರಂತೆ. ಅದಕ್ಕೂ ರಜ ಬೇಡ್ವಾ ಅಂತ."

"ವಾಸನೆ ಗೊತ್ತಾಗ್ಲಿಲ್ವಾ ನಿಮಗೆ?"

"ಈ ಮನೇಲಿ ನಮ್ಮ ಮೂಗು ಸತ್ತು ಎಷ್ಟು ದಿನ ಆಯ್ತೋ."

"ಅಮ್ಮ ಎಲ್ಲಿ?"

"ಶಿವರಾತ್ರಿ ಜಾಗರಣೆ ಇತ್ತಲ್ಲ, ಹಿಂದಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ದಾ..." ಅವರ ಮುಖ ಬಿಳಿಚಿತು.

"ಲೈಟ್ ಸ್ವಿಚ್ ಮುಟ್ಟಬೇಡಿ! ಫ್ಯಾನೂ ಬೇಡ!" ಎನ್ನುತ್ತಾ ಹಿತ್ತಲಿಗೆ ಓಡಿದೆ. ಗೋಡೆಯ ಮೇಲಿಂದ ಬಂಕಿನ ಮ್ಯಾನೇಜರ್ ಸಂಜೀವಪ್ಪನವರನ್ನು ಕೂಗಿ ಕಂಪ್ರೆಸರ್ ನಿಲ್ಲಿಸಲು ಹೇಳಿ, ಬ್ಲೋವರ್ ಚಾಲೂ ಮಾಡಿದೆ. ಹಿಂದಿನ ಕೋಣೆಯ ಬಾಗಿಲ ಬಳಿ ಆವಿ ಅಳೆಯುವ ಮೀಟರ್ ಹಿಡಿದೊಡನೆ ಅದು ಚೀರತೊಡಗಿತು. ಚೌಡೇಶ್ ಬಾಗಿಲು ತಳ್ಳಿ ನುಗ್ಗಿದರು. ನಿಯಮದ ಪ್ರಕಾರ ನಾನು ಹೊರಗೆ ನಿಲ್ಲಬೇಕಿತ್ತು. ಒಳಗೆ ಹೋದೆ.

ಅವರು ತಾಯಿಯನ್ನು ಎತ್ತಿಕೊಂಡು ಜಗಲಿಗೆ ತಂದು ಕೂರಿಸಿದರು. ಅಕ್ಕಯ್ಯಮ್ಮ ಕೆಮ್ಮಿದರು, ವಾಂತಿ ಮಾಡಿಕೊಂಡರು, ಆಮೇಲೆ ಕಣ್ಣುಬಿಟ್ಟು ನನ್ನನ್ನೇ ಬೈದರು.

"ಹಗಲೂ ರಾತ್ರಿ ಓಡಿಸ್ತೀಯಲ್ಲೇ ತಾಯಿ, ಅದಕ್ಕೂ ಸುಸ್ತಾಗಲ್ವಾ?"

"ಅದಕ್ಕೆ ಸುಸ್ತಾದ್ರೆ ನಂಗೆ ಫೋನ್ ಮಾಡಿ ಅಮ್ಮ. ನೀವು ಮುಟ್ಟಬೇಡಿ."

"ಆಸ್ಪತ್ರೆಗೆ ಹೋಗ್ಬರೋಣ ಏಳಮ್ಮ, ಆಟೋ ತರ್ತೀನಿ," ಎಂದ ಚೌಡೇಶ್ ಮೆಲ್ಲಗೆ ನನ್ನತ್ತ ತಿರುಗಿದರು. "ಮೇಡಂ, ಶರ್ಟು ಬಿಟ್ರೆ."

ನೋಡಿದೆ. ಅವರ ಅಂಗಿಯ ಬೆನ್ನು ನನ್ನ ಎಡ ಮುಷ್ಟಿಯೊಳಗಿತ್ತು. ಯಾವಾಗ ಹಿಡಿದೆನೋ ನೆನಪಿಲ್ಲ. ಬೆರಳು ಬಿಡಿಸಲು ಹೋದರೆ ಬರಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು, ನೂಲಿನ ಗಂಟು ಬಿಡಿಸುವಷ್ಟು ನಿಧಾನವಾಗಿ.

"ಬೇಡ ಅನ್ನೋಕೆ ಬಂದಿದ್ದೆ," ಎಂದೆ.

"ಗೊತ್ತು. ಗೇಟ್ ಹತ್ರಾನೇ ಮುಖ ನೋಡಿದೆ."

"ಈಗ್ಲೂ ನಂಗೇನೂ ಅನ್ನಿಸ್ತಿಲ್ಲ, ಚೌಡೇಶ್. ನಿಮ್ಮ ಹತ್ರ ಸುಳ್ಳು ಹೇಳಲ್ಲ. ನೀವು ಒಳಗೆ ಹೋದಾಗ ಭಯ ಕೂಡ ಆಗ್ಲಿಲ್ಲ."

"ಮತ್ತೆ ಹಿಂದೇನೇ ಬಂದ್ರಿ?"

"ಬಂದೆ."

"ಅನ್ನಿಸೋದು ಆಮೇಲೆ ಬರ್ಲಿ ಬಿಡಿ, ಪ್ರಮೋದಾ. ನಂಗೆ ಅವಸರ ಇಲ್ಲ."

ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಗಲೂ ಏನೂ ಅನ್ನಿಸಲಿಲ್ಲ. ಆದರೆ "ಬೇಡ" ಎನ್ನುವ ಮಾತು ಬಾಯಿಗೆ ಬರಲಿಲ್ಲ.

"ಲೇ ಚೌಡ," ಎಂದರು ಅಕ್ಕಯ್ಯಮ್ಮ, "ಆಸ್ಪತ್ರೆ ಆಮೇಲೆ. ಮೊದ್ಲು ಆ ಹುಡುಗಿಗೆ ಕುಡಿಯಕ್ಕೆ ಏನಾದ್ರೂ ಕೊಡೋ."

ಅವರಿಬ್ಬರೂ ಆಸ್ಪತ್ರೆಯಿಂದ ಬರುವವರೆಗೆ ನಾನು ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು ಆ ಮನೆ ಕಾದೆ. ಡಾಕ್ಟರು ಭಯವಿಲ್ಲ ಎಂದರಂತೆ. ಅಕ್ಕಯ್ಯಮ್ಮ ಮತ್ತೆ ಮಲಗುವ ಮೊದಲು ನಾನೂ ಚೌಡೇಶೂ ಹಿಂದಿನ ಕೋಣೆಗೆ ಹೋದೆವು. ಅವರು ಮಂಚ ಸರಿಸಿದರು, ನಾನು ಮೀಟರನ್ನು ನೆಲದ ಹತ್ತಿರ ಹಿಡಿದೆ. ನನ್ನ ಇನ್ನೊಂದು ಕೈ ಅವರ ಕೈಯಲ್ಲಿತ್ತು.

ಮಧ್ಯಾಹ್ನ 2 ಗಂಟೆ 15 ನಿಮಿಷಕ್ಕೆ ಕೋಣೆಯಲ್ಲಿ ಆವಿಯ ಪ್ರಮಾಣ ಬರೀ 0.3 ಪಿಪಿಎಂ, ಇದ್ದೂ ಇಲ್ಲದಷ್ಟು.