ಕೋಟುಗಳಿಗೆ ಹಾಕಿದ ಕವರು

“ಸೇದದೇ ಇರೋಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಲ್ಲಿಂದ ಬರುತ್ತೆ? ಕದ್ದುಮುಚ್ಚಿ ಸೇದಿರ್ತಾಳೆ! ಡಾಕ್ಟರೇ ಕೇಳಿದ್ರಲ್ಲ, ‘ಎಷ್ಟು ವರ್ಷದಿಂದ ಸಿಗರೇಟು ಸೇದ್ತಿದ್ದೀರಮ್ಮ’ ಅಂತ!”

ಆಸ್ಪತ್ರೆಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅತ್ತೆ ಶುರು ಹಚ್ಚಿಕೊಂಡರು. ‘ಮನೆಯಲ್ಲಿ ಯಾರು ಸೇದ್ತಾರೆ?’ ಎಂದು ಡಾಕ್ಟರು ಆಮೇಲೆ ಕೇಳಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಬೀಳುವುದಾದರೂ ಹೇಗೆ? ಮಗನ ತಪ್ಪು ಅಂದರೆ ಆ ಮಹಾತಾಯಿಗೆ ಜಾಣಕಿವುಡು!

ಸೊಸೆ ಗೋಡೆಗೊರಗಿ ಗಂಡನ ಮುಖ ನೋಡಿದಳು. ‘ಅಮ್ಮಾ, ಸೇದಿದ್ದು ನಾನು’ ಎಂಬ ಒಂದೇ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಸಾಕಿತ್ತು... ಸಾವಿಗೆ ಅವಳು ಅಷ್ಟು ಹೆದರಿರಲಿಲ್ಲ. ಮಾಡದ ತಪ್ಪಿಗೆ ಕೆಟ್ಟ ಹೆಸರು ಹೊತ್ತು ಸಾಯಬೇಕಲ್ಲ ಎಂಬುದೇ ಅವಳ ಸಂಕಟ. ಮನೆಯಲ್ಲೇ ಕೂತು ಊರಿಗೆಲ್ಲ ಕೋಟು ಹೊಲಿದುಕೊಡುವ ಆ ಟೈಲರ್ ಗಂಡ ಮಾತ್ರ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ.

“ನನ್ನ ಮಗನೂ ಸೇದ್ತಾನೆ. ಗುಂಡುಕಲ್ಲಿನ ಹಾಗಿಲ್ವಾ? ಹೊಗೆ ಇವಳೊಬ್ಬಳನ್ನೇ ಹುಡುಕಿಕೊಂಡು ಹೋಯ್ತಾ?”

“ಇನ್ನೆಲ್ಲಿಗೆ ಹೋಗಬೇಕಿತ್ತು ಅತ್ತೆ?” ಸೊಸೆ ಏದುಸಿರು ಬಿಡುತ್ತ ಹೇಳಿದಳು. “ಬಟ್ಟೆ ಮೇಲೆ ಧೂಳು ಕೂರುತ್ತೆ ಅಂತ ಕಿಟಕಿ ಮುಚ್ಚಿಸಿದೋರು ನೀವು. ಕೋಟಿಗೆ ಸಿಗರೇಟಿನ ವಾಸನೆ ಹಿಡಿದ್ರೆ ಗಿರಾಕಿ ಬೈತಾರೆ ಅಂತ ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್ ಹಾಕಿದೋರು ಇವರು. ಆ ಕೋಟುಗಳ ಕೆಳಗೇ ಕೂತು ಇಷ್ಟು ವರ್ಷ ಗುಂಡಿ ಹೊಲಿದೆನಲ್ಲ... ನನಗೆ ಯಾರು ಹಾಕಿದ್ರಿ ಕವರು?”

ಟೈಲರ್ ತಲೆಯೆತ್ತಿದ. ಕಂಬಿಯುದ್ದಕ್ಕೂ ಕೋಟುಗಳು ಕವರಿನೊಳಗೆ ಕಮಕ್ ಕಿಮಕ್ ಎನ್ನದೆ ತೂಗುತ್ತಿದ್ದವು. ಅವನು ಅಲ್ಲೇ ಕುಸಿದು ಕುಳಿತ.

“ಅಮ್ಮಾ... ಸೇದಿದ್ದು ನಾನು! ಇವಳು ಒಂದು ದಿನವೂ ಮುಟ್ಟಿಲ್ಲ. ಕೆಮ್ಮಿದಾಗೆಲ್ಲ ‘ಆಚೆ ಹೋಗಿ ಕೆಮ್ಮು’ ಅಂತ ಗದರಿಸಿದೆ... ನಾನು ಆಚೆ ಹೋಗಲಿಲ್ಲ!”

ಅತ್ತೆ ಒಳಗೆ ಹೋಗಿ ಒಂದು ಲೋಟ ನೀರು ತಂದು, ಅಳುತ್ತಿದ್ದ ಮಗನ ಕೈಗೆ ಕೊಟ್ಟರು. ಸೊಸೆಗೆ ಬೇಕಾ ಎಂದು ಕೇಳಲಿಲ್ಲ.

ಅವನು ಲೋಟ ಕೆಳಗಿಟ್ಟು ಎದ್ದ. ಜೇಬಿನಲ್ಲಿದ್ದ ಸಿಗರೇಟು ಪ್ಯಾಕನ್ನು ಹಿಚುಕಿ ಚಿಂದಿ ಬಟ್ಟೆಯ ಬುಟ್ಟಿಗೆ ಎಸೆದ. ತುಕ್ಕು ಹಿಡಿದ ಚಿಲಕವನ್ನು ಗುದ್ದಿ ಗುದ್ದಿ ಕಿಟಕಿ ತೆರೆದ. ಸಂಜೆಯ ಗಾಳಿ ಒಳಗೆ ನುಗ್ಗಿತು, ಕವರುಗಳು ಸರಸರ ಸದ್ದು ಮಾಡಿದವು. ಮದುವೆಯಾಗಿ ಬಂದಾಗಿನಿಂದ ಅವಳು ಗೋಗರೆದು ಕೇಳಿದ್ದ ಗಾಳಿ ಅದು!

“ಇನ್ನು ಯಾವತ್ತೂ ಮುಚ್ಚೋದಿಲ್ಲ, ನಿನ್ನಾಣೆ...”

ಅವಳಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಎದೆ ಹಿಡಿದು ಬಾಗಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಮುಚ್ಚಿಬಿಡಿ,” ಅಂದಳು. “ತಣ್ಣನೆ ಗಾಳಿ... ಈಗ ತಡೆಯೋಕಾಗಲ್ಲ ನನಗೆ.”

ಅವನು ಕಿಟಕಿ ಮುಚ್ಚಿದ.