ಸುಣ್ಣ ಬಳಿದ ಗೋಡೆ

ಆಶ್ವಯುಜ ಶುದ್ಧ ಪಂಚಮಿ, ಬುಧವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಬಹಳ ಹಿಂದಿನ ಮಾತು. ಅಂದು ಹೊನ್ನಂಬರ ರಾಜ್ಯದ ಪುಸ್ತಕಭಂಡಾರಕ್ಕೆ ಬಾಳವ್ವ ಎಂಬ ಚಿತ್ತಾರ ಬರೆಯುವವಳು ಬಂದಳು. ಅವಳ ಊರಾದ ಜೇನುಗಲ್ಲನ್ನು ಧೂಮಾಕ್ಷನೆಂಬ ಮಾಯಾವಿ ಹೊಗೆ ಮಾಡಿ ಗಡಿಗೆಯಲ್ಲಿ ತುಂಬಿಕೊಂಡಿದ್ದ. ಹೊಲಕ್ಕೆ, ಸಂತೆಗೆ ಹೋಗಿದ್ದವರು ಮಾತ್ರ ಉಳಿದು ಓಡಿಬಂದಿದ್ದರು. ಬಾಳವ್ವನ ಮಗಳು ತುಂಗಿ ಮನೆಯಲ್ಲಿದ್ದಳು.

ಛತ್ರದಲ್ಲಿ, ಚಾವಡಿಯಲ್ಲಿ, ಎಲ್ಲೆಡೆ ಯಾವ ಊರು, ಯಾರ ಕಡೆಯವರು ಎಂದು ಕೇಳುತ್ತಿದ್ದರು. ಭಂಡಾರದಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಜೇನುಗಲ್ಲಿನವರು ಬೆಳಗಾದರೆ ಅಲ್ಲಿ ಬಂದು ಕೂರುವರು. ಓದು ಬಂದವರು ಓದುವರು, ಬಾರದವರು ಪುಸ್ತಕ ತೆರೆದಿಟ್ಟು ತೂಕಡಿಸುವರು. ಭಂಡಾರಿ ಮಾಯಿಗ ಎಲ್ಲರಿಗೂ ನೀರು ಕೊಡುವನು.

ಹೊಸ್ತಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಒಂದು ಕಲ್ಲಿನ ಯಾಳಿ ಇತ್ತು. ಅದು ಮಾತಾಡುತ್ತಿತ್ತು.

"ಒಳಗೆ ಪರದೆಯ ಹಿಂದೆ ಒಂದು ಗೋಡೆಯಿದೆ. ಕಳೆದುಹೋದ ಊರನ್ನು ಏನೂ ಬಿಡದೆ ಅದರ ಮೇಲೆ ಬರೆದರೆ ಊರು ಮರಳುತ್ತದೆ. ಆದರೆ ಬೆಲೆ ತೆರಬೇಕು."

"ಏನು ಬೆಲೆ?" ಎಂದಳು ಬಾಳವ್ವ.

ಯಾಳಿ ಮಾಯಿಗನ ಕಡೆ ನೋಡಿತು.

"ಅದನ್ನು ಆಮೇಲೆ ನೋಡೋಣ, ತಂಗೀ. ನಾಳೆ ಬಾ" ಎಂದ ಮಾಯಿಗ.

ಮರುದಿನ ಪರದೆ ಸರಿದಿತ್ತು, ಗೋಡೆ ಹೊಸ ಸುಣ್ಣದಲ್ಲಿ ಬೆಳ್ಳಗಿತ್ತು. ಮಾಯಿಗನ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು.

ಮೊದಲು ಬಾಳವ್ವ ತನಗೆ ನೆನಪಿದ್ದುದನ್ನು ಬರೆದಳು. ಯಾಳಿ ಹೊಸ್ತಿಲಿನಿಂದ ಎದ್ದುಬಂದು ಮೂಸಿ ನೋಡಿ, "ಇದು ನಿನ್ನ ಓಣಿ. ಊರಲ್ಲ" ಎಂದಿತು. ಒರೆಸಿದಳು. ಎರಡನೆಯ ಸಲ ಮಾಯಿಗ ಹಳೆಯ ಪುಸ್ತಕಗಳನ್ನು ತೆರೆದು ತೋರಿಸಿದ, ಅವಳು ನೋಡಿ ಬರೆದಳು. "ಇದು ಅರಸರು ಆನೆಯ ಮೇಲಿಂದ ಕಂಡ ಊರು. ಕುಂಬಾರರ ಮನೆ ಎಲ್ಲಿ?" ಎಂದಿತು ಯಾಳಿ. ಅದನ್ನೂ ಒರೆಸಿದಳು.

ಮೂರನೆಯ ಸಲ ಅವಳು ತೂಕಡಿಸುತ್ತಿದ್ದವರ ಕಡೆ ತಿರುಗಿದಳು. "ನಮ್ಮ ಬಾವಿ ಯಾವ ಕಡೆಗಿತ್ತು, ಹೇಳಿ."

"ಹುಣಸೆಮರದ ಎಡಕ್ಕೆ" ಎಂದ ಬಳೆಗಾರ ಲಿಂಗಯ್ಯ.

"ಬಲಕ್ಕೆ. ನೀವು ನೀರು ಸೇದಿದ್ದು ಯಾವತ್ತು?" ಎಂದಳು ಅವನ ಹೆಂಡತಿ.

"ಆಗಲಿ. ನನ್ನ ಅಂಗಡಿ ಮಾತ್ರ ಸ್ವಲ್ಪ ದೊಡ್ಡದಾಗಿ ಬರಿ, ಬಾಳವ್ವ."

"ಇದ್ದಷ್ಟೇ ಬರಿಯವ್ವ. ಇವರ ಮಾತು ಕೇಳಿದರೆ ನಾವೆಲ್ಲ ಇಲ್ಲೇ ಮುದುಕರಾಗಬೇಕು."

ಭಂಡಾರದಲ್ಲಿ ಗದ್ದಲವೋ ಗದ್ದಲ. ಮಾಯಿಗ ಯಾರನ್ನೂ ಗದರಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದರು, ಬಾಳವ್ವ ಎಲ್ಲವನ್ನೂ ಬರೆದಳು.

ಯಾಳಿ ಮೂಸಿ ತಲೆದೂಗಿತು. ದೂರದಲ್ಲಿ ಗಡಿಗೆ ಒಡೆಯಿತು, ಧೂಮಾಕ್ಷ ತನ್ನ ಹೊಗೆಯಲ್ಲೇ ಕರಗಿಹೋದ. ಗೋಡೆಯ ಬೀದಿ ನಿಜವಾದ ಬೀದಿಯಾಯಿತು. ಅದರೊಳಗಿಂದ ತುಂಗಿ ಓಡಿಬಂದು, "ಅವ್ವಾ, ಅನ್ನ ಆರಿಹೋಯ್ತು. ಇಷ್ಟು ಹೊತ್ತು ಎಲ್ಲಿದ್ದೆ?" ಎಂದಳು.

ಜನ ಒಬ್ಬರ ಹಿಂದೊಬ್ಬರು ಒಳಹೊಕ್ಕು ಊರು ಸೇರಿದರು, ತಮ್ಮ ತಮ್ಮ ಒಲೆ ಹಚ್ಚಿದರು. ಬಾಳವ್ವ ಬಣ್ಣದ ಬಟ್ಟಲು ತೊಳೆಯುತ್ತ ತುಂಗಿಯೊಡನೆ ಹಿಂದುಳಿದಳು. ಗೋಡೆ ಮತ್ತೆ ಬೆಳ್ಳಗಾಯಿತು. ಮೂಲೆಯಲ್ಲೊಂದು ಹಕ್ಕಳೆ ಉದುರಿತು. ಸುಣ್ಣದ ಕೆಳಗೆ ನೀಲಿ ಬಾಗಿಲೊಂದು, ಅರ್ಧ ದೋಣಿಯೊಂದು ಕಂಡವು.

"ಇದು ಯಾವ ಊರು?" ಎಂದು ಯಾಳಿಯನ್ನು ಕೇಳಿದಳು.

"ಮಾಯಿಗನ ಊರು. ಅವನೂ ನಿಮ್ಮ ಹಾಗೆ ಓಡಿಬಂದವನು. ಕೇಳೋಣವೆಂದರೆ ಅವನ ಊರವರು ಒಬ್ಬರೂ ಬರಲಿಲ್ಲ. ನೆನಪಾದಷ್ಟು ವರ್ಷವರ್ಷವೂ ಬರೆಯುತ್ತಿದ್ದ. ಗೋಡೆ ಒಂದು ಸಲಕ್ಕೆ ಒಂದೇ ಊರನ್ನು ಹಿಡಿಯುತ್ತದೆ. ಬೆಲೆ ಕೇಳಿದ್ದೆಯಲ್ಲ. ಅದೇ."

ಮಾಯಿಗ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದ.

"ಕೂತ್ಕೊ ತುಂಗೀ. ಊರು ಇನ್ನು ಎಲ್ಲಿಗೂ ಹೋಗಲ್ಲ" ಎಂದಳು ಬಾಳವ್ವ. ತೊಳೆದಿಟ್ಟ ಬಟ್ಟಲಲ್ಲಿ ಮತ್ತೆ ನೀಲಿ ಕಲಸಿದಳು.

"ಅಣ್ಣಾ, ನಿಮ್ಮೂರ ಬಾವಿ ಯಾವ ಕಡೆಗಿತ್ತು?"