ಗೋಡೆಗೆ ಕೊಟ್ಟ ಅಳತೆ

“ಗೋಡೆಯ ಅಳತೆ ಎಷ್ಟು ಬೇಕಾದ್ರೂ ತಗೊಳ್ಳಿ. ಆದ್ರೆ ಈ ಗೋಡೆಗೆ ನಿಲ್ಲಿಸಿ ಮನುಷ್ಯರ ಅಳತೆ ಮಾತ್ರ ತಗೋಬೇಡಿ.”

ಹೇಳಿದವಳು ಆ ಮನೆಯ ಹಿರಿಸೊಸೆ. ವಯಸ್ಸು ಐವತ್ತೈದು ದಾಟಿರಲಿಕ್ಕಿಲ್ಲ. ಆದರೆ ಬೆನ್ನು ಬಿಲ್ಲಿನಂತೆ ಬಾಗಿ, ಒಲೆಕಟ್ಟೆಯ ಅಂಚಿಗೆ ಗಲ್ಲ ತಾಗುವಷ್ಟು ಗಿಡ್ಡವಾಗಿ ಕುಗ್ಗಿಹೋಗಿದ್ದಳು.

ಅಡುಗೆಮನೆಯ ನಕ್ಷೆ ಹಾಕಲು ಬಂದಿದ್ದವಳಿಗೆ ನಗು ತಡೆಯಲಾಗಲಿಲ್ಲ. ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ‘ಪ್ಲಾನ್ ಮೇಡಂ’ ಎಂದು. ಹದಿನಾರು ವರ್ಷದಿಂದ ಅಡುಗೆಮನೆಗಳನ್ನೇ ಬರೆದು ಕಟ್ಟಿಸುತ್ತ ಬಂದವಳು. ಅವಳಿಗೊಂದು ಹಠವಿತ್ತು. ಎಲ್ಲರ ಮನೆಗೂ ಒಂದೇ ಎತ್ತರದ ಕಟ್ಟೆ ಕೂರಿಸುವವಳಲ್ಲ. ಅಡುಗೆ ಮಾಡುವವಳನ್ನೇ ಗೋಡೆಗೆ ನಿಲ್ಲಿಸಿ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ, ಕೈ ಎತ್ತಿದರೆ ಬೆರಳು ಮುಟ್ಟುವಲ್ಲಿ ಮೇಲಿನ ಶೆಲ್ಫು ಎಂದು ಲೆಕ್ಕ ಹಾಕುವವಳು.

“ಅಲ್ಲ ಅಕ್ಕಾ, ಟೈಲರ್ ಹ್ಯಾಂಗರ್ ಅಳತೆ ತಗೊಂಡು ರವಿಕೆ ಹೊಲಿದ್ರೆ ನೀವು ಹಾಕ್ಕೋತೀರಾ?” ಎಂದಳು.

ಕಿರಿಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಿಂದಿನ ಗೋಡೆ ಒಡೆಸಿ, ಅಡುಗೆಮನೆಯನ್ನು ಹಿತ್ತಿಲಿಗೆ ಒಂಬತ್ತು ಅಡಿ ಬೆಳೆಸಬೇಕೆಂದು ಗಂಡನ ಬೆನ್ನು ಬಿದ್ದು ಒಪ್ಪಿಸಿದವಳು ಅವಳೇ. ಕಿಟಕಿಯ ಕೆಳಗೆ ಸಿಂಕು, ಬೆಳಕು ಬೀಳುವಲ್ಲಿ ಒಲೆ, ಇಬ್ಬರು ಮೈ ತಾಗದಂತೆ ಓಡಾಡುವಷ್ಟು ಜಾಗ. ಅಷ್ಟೇ ಅವಳ ಆಸೆ.

“ನಗ್ಬೇಡಿ,” ಎಂದು ಪಿಸುಗುಟ್ಟಿದ ಹಿರಿಸೊಸೆ ಮೂಲೆಗೆ ಸರಿದು ಮುಖ ತಿರುಗಿಸಿಕೊಂಡಳು.

ಹಾಡುಹಗಲಲ್ಲೂ ಆ ಕೋಣೆಯಲ್ಲಿ ಮಬ್ಬು. ಇದ್ದೊಂದು ಕಿಟಕಿ ಎಲ್ಲೋ ಎತ್ತರದಲ್ಲಿತ್ತು. ಹಿಂದಿನ ಗೋಡೆಯಿಂದ ಮಸಿಯ, ಕಮಟು ಎಣ್ಣೆಯ ವಾಸನೆ. ಅವೆರಡರ ಅಡಿಯಲ್ಲಿ ಇನ್ನೊಂದಿತ್ತು, ಸುಟ್ಟ ಕೂದಲಿನದು. ಪ್ಲಾನ್ ಮೇಡಂ ಕಿರಿಸೊಸೆಯನ್ನು ಆ ಗೋಡೆಗೇ ಒರಗಿಸಿ ನಿಲ್ಲಿಸಿದಳು. ನೆತ್ತಿಗೊಂದು ಗೆರೆ. ಮೊಣಕೈಗೊಂದು. ಎತ್ತಿದ ಬೆರಳ ತುದಿಗೊಂದು. ಗೋಡೆ ಜ್ವರ ಬಂದವರ ಹಣೆಯ ಹಾಗೆ ಬಿಸಿಯಾಗಿತ್ತು. ಪೆನ್ಸಿಲು ತಾನಾಗಿ ಜಾರಿದಂತೆ ಸಲೀಸಾಗಿ ಓಡಿತು.

“ಐದು ಅಡಿ ಐದು ಇಂಚು,” ಎಂದು ಬರೆದುಕೊಂಡಳು.

ಮೂರು ದಿನ ಬಿಟ್ಟು ನಕ್ಷೆಯ ಹಾಳೆ ಸುತ್ತಿಕೊಂಡು ಬಂದಳು. ಮೇಸ್ತ್ರಿಯೂ ಜೊತೆಗಿದ್ದ. ಕಟ್ಟೆ ಎಷ್ಟೆತ್ತರ ಬರುತ್ತದೆಂದು ತೋರಿಸಲು ಇಟ್ಟಿಗೆ ಪೇರಿಸಿ ಮೇಲೊಂದು ಪ್ಲೈವುಡ್ ಹಲಗೆ ಇಟ್ಟರು. ಕಿರಿಸೊಸೆ ಬಂದು ನಿಂತಳು. ಹಲಗೆ ಅವಳ ಎದೆಯ ಮಟ್ಟಕ್ಕೆ ಬಂತು.

ಪ್ಲಾನ್ ಮೇಡಂ ಗೋಡೆಯತ್ತ ತಿರುಗಿದಳು. ಪೆನ್ಸಿಲ್ ಗೆರೆಗಳು ಗೋಡೆಯ ಮೇಲೆ ಇರಲಿಲ್ಲ. ಸುಣ್ಣದ ಪದರದ ಒಳಗಿದ್ದವು, ಮುಂಗೈಯ ನರಗಳ ಹಾಗೆ ನೀಲಿಯಾಗಿ. ಟೇಪು ಬಿಚ್ಚಿ ಹುಡುಗಿಯನ್ನು ಮತ್ತೆ ಅಳೆದಳು. ನಾಲ್ಕು ಅಡಿ ಹನ್ನೊಂದು.

“ಅವತ್ತು ಟೇಪು ಸಡಿಲ ಹಿಡಿದಿದ್ದೆ ಅನ್ಸುತ್ತೆ,” ಎಂದಳು.

“ಗಂಡನ ಮನೇಲಿ ತಗ್ಗಿ ಬಗ್ಗಿ ನಡೀಬೇಕು ಅಂತಾರಲ್ಲ ಮೇಡಂ, ಅದೇ ಇರ್ಬೇಕು,” ಎಂದು ಕಿರಿಸೊಸೆ ನಕ್ಕಳು. ಸೀರೆಯ ಅಂಚು ನೆಲದ ಮೇಲೆ ಗೇಣುದ್ದ ಎಳೆಯುತ್ತಿತ್ತು. ಎರಡು ಸಲ ಎಡವಿದಳು.

ಮೇಸ್ತ್ರಿ ಉಳಿ ಇಟ್ಟು ಗೋಡೆಗೆ ಒಂದು ಪೆಟ್ಟು ಹಾಕಿದ.

“ಅಮ್ಮಾ!”

ಕಿರಿಸೊಸೆ ಪಕ್ಕೆ ಹಿಡಿದುಕೊಂಡು ಕುಸಿದಳು. ಅವನು ಅವಳಿಂದ ಆರು ಅಡಿ ದೂರದಲ್ಲಿದ್ದ. ಉಳಿಯ ತುದಿಯನ್ನೊಮ್ಮೆ ನೋಡಿ, ಕಿವಿಯನ್ನು ಗೋಡೆಗೆ ಆನಿಸಿದ. ಮುಖ ಬಿಳಿಚಿಹೋಯಿತು. ಸಾಮಾನೆಲ್ಲ ಚೀಲಕ್ಕೆ ತುರುಕಿಕೊಂಡ.

“ನಾನು ಇದನ್ನ ಒಡೆಯಲ್ಲ ಮೇಡಂ. ಒಳಗೆ ಯಾರೋ ಉಸಿರಾಡ್ತಿದಾರೆ.”

ತಿರುಗಿಯೂ ನೋಡದೆ ಹೊರಟುಹೋದ.

ಆಗ ಪ್ಲಾನ್ ಮೇಡಂ ಹಿರಿಸೊಸೆಯನ್ನು ಸರಿಯಾಗಿ ನೋಡಿದಳು. ಮೂಲೆಯಲ್ಲಿ ಅವಳು ನೆಟ್ಟಗೆ ನಿಂತಿದ್ದಳು. ಬೆನ್ನ ಮೇಲಿನ ಗೂನು ಕರಗಿತ್ತು. ತಲೆ ಕಿಟಕಿಯ ಮಟ್ಟಕ್ಕೆ ಬಂದಿತ್ತು.

“ನಿಮಗೆ ಗೊತ್ತಿತ್ತು,” ಎಂದಳು ಪ್ಲಾನ್ ಮೇಡಂ.

“ಮದುವೆಯಾದ ವರ್ಷ ಮೂರು ಸಲ ತವರಿಗೆ ಓಡಿಹೋಗಿದ್ದೆ. ನಾಲ್ಕನೇ ಸಲ ಹೋಗಬಾರದು ಅಂತ ಅತ್ತೆ ಮಾಟದವನನ್ನ ಕರೆಸಿದ್ಲು. ನಾನು ಮಲಗಿದ್ದಾಗ ಅಡಿಯಿಂದ ಮುಡಿವರೆಗೂ ಕರೀ ದಾರದಲ್ಲಿ ಅಳೆದ್ರು. ದಾರಕ್ಕೆ ನನ್ನ ಕೂದಲು ಸುತ್ತಿ, ಏಳು ಗಂಟು ಹಾಕಿ, ಈ ಗೋಡೆಯೊಳಗಿಟ್ಟು ಗಾರೆ ಮೆತ್ತಿದ್ರು. ಅವತ್ತಿಂದ ಈ ಹೊಸ್ತಿಲು ದಾಟಿಲ್ಲ. ನಮ್ಮಪ್ಪ ತೀರ್ಕೊಂಡಾಗ್ಲೂ ದಾಟಕ್ಕಾಗಲಿಲ್ಲ.” ಅವಳ ದನಿ ಸಣ್ಣದಾಯಿತು. “ಈ ಗೋಡೆಗೆ ಒಬ್ಬ ಹೆಂಗಸಿನ ಅಳತೆ ಬೇಕು. ಹೊಸದು ಸಿಕ್ಕಿದ್ರೆ ಹಳೇದನ್ನ ಬಿಡುತ್ತೆ.”

“ಬಿಡಿಸೋದು ಹೇಗೆ? ಹೇಳಿ!”

“ಇವತ್ತು ಬೆಳಿಗ್ಗೆ ಕಿಟಕಿಯಾಚೆ ನೋಡಿದೆ. ಅಲ್ಲೊಂದು ಮರ ಇದೆ. ಮೂವತ್ತು ವರ್ಷದಿಂದ ಇಲ್ಲಿದ್ದೀನಿ, ನಂಗೆ ಗೊತ್ತೇ ಇರಲಿಲ್ಲ.” ಅವಳ ಕಣ್ಣು ತುಂಬಿ ಬಂತು. “ನಾನು ಮೊದಲೇ ಹೇಳಿದ್ದೆ ಮೇಡಂ. ನೀವು ನಕ್ರಿ.”

ನೆಲದ ಮೇಲೆ ಬಳೆಗಳು ಖಣಖಣ ಸದ್ದು ಮಾಡಿದವು. ಕಿರಿಸೊಸೆಯ ಮಣಿಕಟ್ಟಿನಿಂದ ಒಂದೊಂದಾಗಿ ಜಾರಿ ಉರುಳುತ್ತಿದ್ದವು. ಕೈ ಎಂಟು ವರ್ಷದ ಮಗುವಿನದಾಗಿತ್ತು.

“ಅಕ್ಕಾ... ಉಸಿರು ಕಟ್ತಿದೆ ಅಕ್ಕಾ...”

ಹಿರಿಸೊಸೆ ಎರಡೂ ಕಿವಿ ಮುಚ್ಚಿಕೊಂಡಳು. ದಿನವೂ ಸಂಜೆ ಹೊರಗಿನಿಂದ ಬಂದು, ಬೀದಿಯಲ್ಲಿ ಕಂಡದ್ದನ್ನೆಲ್ಲ ಬಿಡದೆ ಅವಳಿಗೆ ಹೇಳುತ್ತಿದ್ದ ಹುಡುಗಿ ಇದು. ಕಿವಿ ಮುಚ್ಚಿದ ಕೈಗಳು ನಿಧಾನ ಕೆಳಗಿಳಿದವು. ಗೋಡೆಯ ಕಡೆ ನೋಡದೆಯೇ ಹೇಳಿದಳು:

“ಅಳೆದ ಕೈ ತನ್ನದೇ ಅಳತೆ ಕೊಟ್ರೆ ಇವಳನ್ನ ಬಿಡುತ್ತೆ. ಬೇರೆ ದಾರಿ ಇಲ್ಲ.”

ಬಾಗಿಲು ಎಂಟು ಹೆಜ್ಜೆ ದೂರದಲ್ಲಿತ್ತು. ಪ್ಲಾನ್ ಮೇಡಂ ಚೀಲ ಹೆಗಲಿಗೇರಿಸಿದಳು. ಯಾರಾದರೂ ಡಾಕ್ಟರನ್ನು ಕರೆಯಬಹುದು, ಹುಡುಗಿಯ ಗಂಡನಿಗೆ ಫೋನ್ ಮಾಡಬಹುದು, ತನಗ್ಯಾಕೆ ಇದೆಲ್ಲ ಎಂದುಕೊಂಡಳು. ಮೂರು ಹೆಜ್ಜೆ ನಡೆದೂ ಬಿಟ್ಟಳು. ಹಿಂದೆ ಕೊನೆಯ ಬಳೆ ನೆಲಕ್ಕೆ ಬಿತ್ತು. ಉರುಳಿತು. ಗಿರಗಿರ ತಿರುಗಿ ನಿಂತಿತು. ಆಮೇಲೆ ನರಳಾಟವೂ ನಿಂತಿತು.

ಅವಳು ವಾಪಸು ಬಂದಳು. ಚೀಲ ಎಸೆದಳು. ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಬಿಸಿ. ಬೆನ್ನಿಗೆ ಇನ್ನೊಂದು ಬೆನ್ನು ಒತ್ತಿದಂತೆ. ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಳು. ಮೊಣಕೈ ಹತ್ತಿರ ಎಳೆದಳು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಕೈ ಮೇಲೆತ್ತಿದಳು. ಮೂರನೆಯ ಗೆರೆ. ಪೆನ್ಸಿಲನ್ನು ಒಳಗಿನಿಂದ ಯಾರೋ ಎಳೆದುಕೊಂಡರು. ಬೆರಳುಗಳ ಮಧ್ಯೆ ಏನೂ ಉಳಿಯಲಿಲ್ಲ.

ಕತ್ತಲು. ಹಿಮ್ಮಡಿಗೆ ಏನೋ ಬಿಗಿಯಿತು. ಮೊಣಕಾಲಿಗೆ. ಸೊಂಟಕ್ಕೆ. ಹೊಕ್ಕುಳಿಗೆ. ಎದೆಗೆ. ಕಿರುಚಬೇಕು ಅನ್ನಿಸಿತು. ಕುತ್ತಿಗೆಗೆ. ಹಣೆಗೆ.

ಏಳು ಗಂಟು.

ಕಣ್ಣು ಬಿಟ್ಟಾಗ ಕಿರಿಸೊಸೆ ಎದ್ದು ನಿಂತು ಉಬ್ಬಸಪಡುತ್ತಿದ್ದಳು. ಎತ್ತರದ ಹುಡುಗಿ, ಸೀರೆಯ ಅಂಚು ಪಾದದ ಮಟ್ಟಕ್ಕೆ. ಹಿರಿಸೊಸೆ ಅವಳ ಕೈ ಹಿಡಿದು ದರದರ ಎಳೆದುಕೊಂಡು ಬಾಗಿಲಿಗೆ ಹೋದಳು. ಹೊಸ್ತಿಲ ಬಳಿ ಕಾಲುಗಳು ತಡೆದು ನಿಂತವು. ಕಣ್ಣು ಮುಚ್ಚಿ ಒಂದು ಪಾದ ಆಚೆ ಇಟ್ಟಳು. ಇನ್ನೊಂದನ್ನೂ ಇಟ್ಟಳು. ಅವಳ ಬಾಯಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ.

“ಕ್ಷಮಿಸಿಬಿಡಿ,” ಎಂದಳು. ಹಿಂದೆ ನೋಡಲಿಲ್ಲ. ಬೀದಿಯ ಬೆಳಕಿಗೆ ಓಡಿದಳು.

“ಮೇಡಂ, ಬನ್ನಿ! ಬೇಗ ಬನ್ನಿ!” ಎಂದು ಕಿರಿಸೊಸೆ ಆಚೆಯಿಂದ ಕೂಗಿದಳು.

ಪ್ಲಾನ್ ಮೇಡಂ ನಡೆದಳು. ಎಂಟು ಹೆಜ್ಜೆ ಎಣಿಸಿದಳು. ಬಾಗಿಲು ಇನ್ನೂ ಎಂಟು ಹೆಜ್ಜೆ ದೂರದಲ್ಲೇ ಇತ್ತು. ಮತ್ತೆ ನಡೆದಳು. ಮತ್ತೆ ಎಂಟು. ಓಡಿದಳು. ಎಂಟು.

ನೆಲದ ಮೇಲಿದ್ದ ಚೀಲದೊಳಗೆ ಫೋನ್ ಬಡಿದುಕೊಂಡಿತು. ತೆಗೆದು ಕಿವಿಗಿಟ್ಟಳು.

“ಅಮ್ಮಾ, ಟೀಚರ್ ಫೋನಿಂದ ಮಾಡ್ತಿದೀನಿ. ಸ್ಕೂಲ್ ಬಿಟ್ಟು ಎಷ್ಟೊತ್ತಾಯ್ತು. ಎಲ್ಲರೂ ಹೋದ್ರು. ನೀನ್ಯಾಕೆ ಇನ್ನೂ ಬಂದಿಲ್ಲ?”

‘ಬಂದೆ ಪುಟ್ಟಿ, ಹೇಗಾದರೂ ಬರ್ತೀನಿ’ ಎಂದು ಹೇಳಲು ಬಾಯಿ ತೆರೆದಳು. ಹೊರಬಂದ ದನಿ ಅವಳದೇ. ಮಾತು ಮಾತ್ರ ಬೇರೆ.

“ಹೇಗೆ ಬರ್ಲಿ ಕಣೇ? ಒಲೆ ಮೇಲೆ ಹಾಲಿಟ್ಟಿದೀನಿ.”

ಒಲೆಕಟ್ಟೆಯ ಮೇಲಿನ ಬೆಂಕಿಪೊಟ್ಟಣಕ್ಕೆ ಅವಳ ಕೈ ತಾನಾಗಿಯೇ ಚಾಚಿತು. ಅದು ಎಟುಕಲು ಅವಳು ಹಿಮ್ಮಡಿ ಎತ್ತಬೇಕಾಯಿತು.